ವೋಲ್ಟ್ ಇಳಿದಷ್ಟೂ ಷೇರು ಏರುತ್ತಂತೆ

ನನ್ನ ಸ್ನೇಹಿತನೊಬ್ಬ ಇದ್ದಾನೆ. ಮನೆಯಲ್ಲಿ ಫ್ಯೂಸ್ ಹೋದರೆ ಮೊಬೈಲ್ ಟಾರ್ಚ್ ಹಾಕಿಕೊಂಡು ಸುಮ್ನೆ ಸೋಫಾ ಮೇಲೆ ಕೂರುವ ಪೈಕಿ. ಯಾರಾದರೂ ಬಂದು ಸರಿ ಮಾಡುವ ತನಕ ಅಲ್ಲಾಡೋದಿಲ್ಲ. ಅಂಥವನು ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ನೋಡು, 54 ವೋಲ್ಟ್ ಕಥೆ ಮುಗೀತು. ಇನ್ನೇನಿದ್ರೂ 800 ವೋಲ್ಟ್. ಗ್ಯಾಲಿಯಂ ನೈಟ್ರೈಡ್ ತಗೋ" ಅಂದ. ಯಾವುದೋ ಮಾತ್ರೆ ಇರಬೇಕು ಅಂದುಕೊಂಡೆ. ಊಟಕ್ಕೆ ಮುಂಚೆಯೋ ಆಮೇಲೋ ಅಂತಲೂ ಕೇಳಿದೆ. ಷೇರಂತೆ. ಹೆಚ್ಚು ವೋಲ್ಟ್ ತಡೆಯುವ ಚಿಪ್ ಮಾಡೋಕೆ ಸಿಲಿಕಾನ್ ಬದಲು ಬಳಸುವ ವಸ್ತು ಅದು, ಅದನ್ನು ಬಳಸುವ ಕಂಪನಿಯ ಷೇರು.

ವಿಷಯ ಇಷ್ಟೇ. ಎಐ ಚಿಪ್ ಮಾಡುವ ಎನ್‌ವಿಡಿಯಾ ಹೆಸರು ಈಗ ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವ ಷೇರು ಕೊಂಡರೆ ಜಾಣ ಅನ್ನಿಸಿಕೊಳ್ಳೋದು ಹೇಗೆ ಹೇಳಿ? ಹಾಗಾಗಿ ಜಾಣರೆಲ್ಲ ಒಂದು ಮೆಟ್ಟಿಲು ಕೆಳಗಿಳಿದರು. ಆ ಚಿಪ್‌ಗೆ ಕರೆಂಟು ಉಣಿಸುವ ಬಿಡಿಭಾಗ ಯಾರು ಮಾಡ್ತಾರೆ ಅಂತ ಹುಡುಕಿದರು. ಸಿಕ್ಕ ತಕ್ಷಣ ಎಲ್ಲರೂ ಗುಟ್ಟಾಗಿ ಎಲ್ಲರಿಗೂ ಹೇಳಿದರು.

ಪಾಪ, ಆ ಬಿಡಿಭಾಗದ ಮೇಲೆ ನನಗೇನೂ ಕೋಪ ಇಲ್ಲ. ಅದರ ಪಾಡು ನಿಜಕ್ಕೂ ಕಷ್ಟದ್ದು. ಚಿಪ್‌ನ ಒಳಗೆ ಬೇಕಾಗಿರೋದು ಒಂದು ವೋಲ್ಟಿಗಿಂತ ಕಡಿಮೆ. ಟಿವಿ ರಿಮೋಟಿನ ಒಂದು ಸೆಲ್‌ನಲ್ಲಿ ಅದಕ್ಕಿಂತ ಜಾಸ್ತಿ ಇರುತ್ತೆ. ಆದರೆ ಹಸಿವು ಮಾತ್ರ ಬಕಾಸುರನದು. 2020ರಲ್ಲಿ ಬಂದ ಎ100 ಚಿಪ್‌ಗೆ 400 ವ್ಯಾಟ್ ಸಾಕಾಗಿತ್ತು, ಎಚ್100 ಬಂದಾಗ 700 ಆಯ್ತು, ಬಿ200 ಸಾವಿರ ಮುಟ್ಟಿತು. 0.8 ವೋಲ್ಟಿನಲ್ಲಿ 1000 ವ್ಯಾಟ್ ಕೊಡಬೇಕು ಅಂದ್ರೆ 1250 ಆಂಪ್ ಹರಿಯಬೇಕು. ಅದೂ ಅಂಗೈಯಗಲದ ಜಾಗಕ್ಕೆ! ಕರೆಂಟು ಎರಡು ಪಟ್ಟಾದರೆ ದಾರಿಯಲ್ಲಿ ಬಿಸಿಯಾಗಿ ಹಾಳಾಗೋದು ನಾಲ್ಕು ಪಟ್ಟು. ಅದಕ್ಕೇ ಚಿಪ್‌ನ ಸುತ್ತ ಬೂದು ಬಣ್ಣದ ಪುಟ್ಟ ಡಬ್ಬಿಗಳು ಒತ್ತೊತ್ತಾಗಿ ಸಾಲುಗಟ್ಟಿ ಕೂತಿರುತ್ತವೆ, 48 ವೋಲ್ಟನ್ನೋ 54 ವೋಲ್ಟನ್ನೋ ಹಂತಹಂತವಾಗಿ ಇಳಿಸಿ ಕೊಡೋದಕ್ಕೆ. ಸುತ್ತ ಜಾಗ ಸಾಲದೆ ಈಗ ಕೆಲವನ್ನು ಚಿಪ್‌ನ ಹೊಟ್ಟೆಯ ಕೆಳಗೆ, ಬೋರ್ಡಿನ ಬೆನ್ನಿಗೇ ಅಂಟಿಸುತ್ತಿದ್ದಾರೆ. ಆ ಡಬ್ಬಿಯ ಜೀವಮಾನದ ಕೆಲಸವೇ ವೋಲ್ಟ್ ಇಳಿಸೋದು. ಅದನ್ನು ನಂಬಿಕೊಂಡು ಜನ ಏರೋದನ್ನ ಕಾಯುತ್ತಿದ್ದಾರೆ.

2025ರ ಮೇ ತಿಂಗಳಲ್ಲಿ ಎನ್‌ವಿಡಿಯಾ ಒಂದು ಪ್ರಕಟಣೆ ಹೊರಡಿಸಿತು. ಮುಂದೆ ಡೇಟಾ ಸೆಂಟರಿನಲ್ಲಿ ಕಂಪ್ಯೂಟರುಗಳನ್ನು ಪೇರಿಸಿಟ್ಟ ಬೀರುವಿನಂಥ ಒಂದೊಂದು ರ‍್ಯಾಕೂ ಒಂದು ಮೆಗಾವ್ಯಾಟ್ (ಹತ್ತು ಲಕ್ಷ ವ್ಯಾಟ್) ನುಂಗುತ್ತೆ, ಅದನ್ನು 54 ವೋಲ್ಟಿನಲ್ಲಿ ಸಾಗಿಸೋಕೆ ಹೋದರೆ ಒಂದು ರ‍್ಯಾಕಿಗೆ 200 ಕೆಜಿ ತಾಮ್ರ ಬೇಕಾದೀತು, ವೋಲ್ಟ್ ಏರಿಸಿದಷ್ಟೂ ಕಡಿಮೆ ಕರೆಂಟು ಸಾಕು, ಆದ್ದರಿಂದ 800 ವೋಲ್ಟಿಗೆ ಹೋಗೋಣ, 2027ರಿಂದ ಶುರು. (800 ವೋಲ್ಟಿನಲ್ಲಿ ಒಂದು ಮೆಗಾವ್ಯಾಟ್ ಅಂದರೂ ಅದೇ 1250 ಆಂಪ್. ಒಂದು ಚಿಪ್‌ನೊಳಗೆ ಹರಿಯುವಷ್ಟೇ ಕರೆಂಟು ಇಡೀ ರ‍್ಯಾಕಿಗೂ ಸಾಕು. ನನಗೆ ಈ ಇಡೀ ಗಲಾಟೆಯಲ್ಲಿ ಖುಷಿ ಕೊಟ್ಟಿದ್ದು ಇದೊಂದೇ ಲೆಕ್ಕ.) ಕೊನೆಯಲ್ಲಿ ಯಾರ‍್ಯಾರ ಜೊತೆ ಕೆಲಸ ಮಾಡ್ತೀವಿ ಅಂತ ಒಂದಷ್ಟು ಹೆಸರು ಕೊಟ್ಟಿತ್ತು. ಇನ್‌ಫಿನಿಯನ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಎಸ್‌ಟಿ ಮೈಕ್ರೋ ಅಂಥ ಘಟಾನುಘಟಿಗಳ ನಡುವೆ ಗ್ಯಾಲಿಯಂ ನೈಟ್ರೈಡ್ ಚಿಪ್ ಮಾಡುವ ನಾವಿಟಾಸ್ ಅನ್ನೋ ಸಣ್ಣ ಕಂಪನಿಯದ್ದೂ ಒಂದು.

ಹೆಸರು ಬಂತು, ಅಷ್ಟೇ. ಷೇರು ಒಂದೇ ದಿನದಲ್ಲಿ ಎರಡು ಪಟ್ಟಿಗೂ ಜಾಸ್ತಿ ಏರಿತು. 2024ರಲ್ಲಿ ಅದರ ವರ್ಷದ ವ್ಯಾಪಾರ ಸುಮಾರು 8.3 ಕೋಟಿ ಡಾಲರ್, ಅದೂ ಲಾಸಿನಲ್ಲಿ. 800 ವೋಲ್ಟಿನ ರ‍್ಯಾಕ್ ಬರೋಕೆ ಆಗ ಇನ್ನೂ ಎರಡು ವರ್ಷ ಇತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ಇಲ್ಲಿ ಕುಲಾವಿಯ ಗುಂಡಿ ಹೊಲಿಯುವ ದಾರ ಮಾಡುವವನ ಷೇರಿಗೂ ನೂಕುನುಗ್ಗಲು. ಮದುವೆಗೆ ಕರೆದವರ ಪಟ್ಟಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಮದುವೆ ಗಂಡು ಆಗಿಬಿಡ್ತಾನಾ? ಷೇರುಪೇಟೆಯಲ್ಲಿ ಆಗ್ತಾನೆ. ಸಂಜೆಯವರೆಗಾದರೂ.

ಪಟ್ಟಿಯಿಂದ ಬಿಟ್ಟುಹೋಗಬಹುದು ಅನ್ನೋ ಗುಸುಗುಸುಗೂ ಅಷ್ಟೇ ಶಕ್ತಿ ಇದೆ. 2024ರ ನವೆಂಬರಿನಲ್ಲಿ ಇಂಥ ವೋಲ್ಟ್ ಇಳಿಸುವ ಬಿಡಿಭಾಗಗಳನ್ನೇ ಮಾಡುವ ಮೊನೊಲಿಥಿಕ್ ಪವರ್ ಸಿಸ್ಟಮ್ಸ್ ಕಂಪನಿಗೆ ಎನ್‌ವಿಡಿಯಾದ ಹೊಸ ಚಿಪ್‌ನ ಆರ್ಡರ್ ಕಡಿಮೆಯಾಗಬಹುದು ಅಂತ ಅನಲಿಸ್ಟುಗಳ ಒಂದು ವರದಿ ಬಂದಿದ್ದೇ ತಡ, ಷೇರು ಧೊಪ್ಪನೆ ಬಿತ್ತು. ಅದು ಲಾಭದಲ್ಲಿ ನಡೆಯುವ, ನಿಜವಾಗಿ ಮಾಲು ಮಾರುವ ಕಂಪನಿ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರು, ಎಮ್ಮೆಗೆ ಕೆಮ್ಮು ಅಂದ ತಕ್ಷಣ ಕೊಟ್ಟಿಗೆಯನ್ನೇ ಮಾರಿಬಿಡ್ತಾರೆ.

ಇನ್ನು ವುಲ್ಫ್‌ಸ್ಪೀಡ್. ಸ್ನೇಹಿತನ ಹತ್ತಿರ ಈ ಹೆಸರು ಎತ್ತಿದರೆ ನೆಟ್‌ವರ್ಕ್ ಸರಿಯಿಲ್ಲ ಅಂತಾನೆ. ಅದು ಸಿಲಿಕಾನ್ ಕಾರ್ಬೈಡ್ ಕಂಪನಿ. ಅದೂ ಹೈ ವೋಲ್ಟೇಜಿನ ಸಾಮಾನೇ, ಅದಕ್ಕೂ ಹೀಗೇ ಡೋಲು ಬಾರಿಸಿದ್ದರು. ಆಗ ರಾಗ ಎಐ ಅಲ್ಲ, ಎಲೆಕ್ಟ್ರಿಕ್ ಕಾರು. 2021ರಲ್ಲಿ ಷೇರು 100 ಡಾಲರ್ ದಾಟಿತ್ತು. 2025ರ ಜೂನ್ ಕೊನೆಗೆ ದಿವಾಳಿ ಅರ್ಜಿ ಹಾಕಿತು, ನಾವಿಟಾಸ್ ಹಾರಿದ ಮುಂದಿನ ತಿಂಗಳೇ. ಸರಕು ಕೆಟ್ಟದ್ದೇನಲ್ಲ. ಸಾಲ ಮಾಡಿ ದೊಡ್ಡ ಕಾರ್ಖಾನೆ ಕಟ್ಟಿದರು, ಕಾರುಗಳು ಅಂದುಕೊಂಡಷ್ಟು ಬೇಗ ಬರಲಿಲ್ಲ. ಭೌತಶಾಸ್ತ್ರ ಗೆದ್ದರೆ ಷೇರುದಾರನೂ ಗೆಲ್ಲುತ್ತಾನೆ ಅಂತ ಯಾವ ಓಮ್ಸ್ ನಿಯಮದಲ್ಲೂ ಬರೆದಿಲ್ಲ, ಅಲ್ವಾ?

ಇಷ್ಟೆಲ್ಲ ಬುದ್ಧಿ ಹೇಳುವ ನಾನು ಕೊಂಡಿಲ್ಲವೇ ಅಂತ ಕೇಳ್ತೀರಿ. ಕೊಂಡಿದ್ದೇನೆ. ಯಾವುದು ಅಂತ ಕೇಳಬೇಡಿ. ಫೋನ್ ಬಂದ ಮಾರನೇ ದಿನ, ಅದು ಏರಿ ಮುಗಿದ ಮೇಲೆ, ಎಲ್ಲರೂ ಮಾರುವ ಹೊತ್ತಿಗೆ ಸರಿಯಾಗಿ ಹೋಗಿ ಕೊಂಡೆ. ಅವರ ತ್ರೈಮಾಸಿಕ ವರದಿಯನ್ನೂ ಓದಿದೆ. ಎಐ ಅನ್ನೋ ಪದ ಎಷ್ಟು ಸಲ ಬಂದಿದೆ ಅಂತ ಎಣಿಸುತ್ತಾ ಹೋಗಿ ನಲವತ್ತಕ್ಕೆ ಕೈಬಿಟ್ಟೆ. ಲಾಭ ಅನ್ನೋ ಪದ ಹುಡುಕಿದೆ. ಒಂದು ಕಡೆ ಇತ್ತು, "ಮುಂದಿನ ದಿನಗಳಲ್ಲಿ" ಅನ್ನೋದರ ಪಕ್ಕದಲ್ಲಿ. ಆ ಷೇರು ಈಗ ತನ್ನ ಬಿಡಿಭಾಗದ ಹಾಗೇ ಶಿಸ್ತಾಗಿ, ಹಂತಹಂತವಾಗಿ ನನ್ನ ದುಡ್ಡು ಇಳಿಸುತ್ತಿದೆ. ನಷ್ಟವೂ ಕಡಿಮೆಯೇನಿಲ್ಲ, ಮೈ ಬಿಸಿಯಾಗ್ತಿದೆ.

ನಿನ್ನೆ ಮತ್ತೆ ಸ್ನೇಹಿತನ ಫೋನ್. "ವೋಲ್ಟ್ ಎಲ್ಲರೂ ಹಿಡಿದುಬಿಟ್ರು ಕಣೋ. ಈಗ ಬೇಕಾಗಿರೋದು ಆಂಪ್. ಆಂಪ್ ಅಂತ ಯಾವುದಾದರೂ ಷೇರು ಇದೆಯಾ ನೋಡು."

ನಗು ಬಂತು. ಆದರೂ ನಗಲಿಲ್ಲ. 2020ರಲ್ಲಿ ವಿಡಿಯೋ ಕಾಲ್‌ನ ಜೂಮ್ ಅಂದುಕೊಂಡು ಜನ ಜೂಮ್ ಟೆಕ್ನಾಲಜೀಸ್ ಅನ್ನೋ ಬೇರೆಯದೇ ಕಂಪನಿಗೆ ಮುಗಿಬಿದ್ದು, ಕೊನೆಗೆ ಅಮೆರಿಕದ ಷೇರು ನಿಯಂತ್ರಕರೇ ಅದರ ವಹಿವಾಟು ತಡೆದದ್ದು ನೆನಪಿತ್ತು. ಸುಮ್ನೆ ಹುಡುಕಿ ನೋಡಿದೆ. ಆಂಪ್ ಅಲ್ಲ, ಎಎಂಪಿ ಅಂತ ಒಂದು ಇದೆ. ಆಸ್ಟ್ರೇಲಿಯಾದ್ದು. ಜನರ ಪಿಂಚಣಿ ಹಣ ನೋಡಿಕೊಳ್ಳುತ್ತೆ.

ಅವನಿಗೆ ಇನ್ನೂ ಹೇಳಿಲ್ಲ. ಮೊದಲು ನಾನು ಒಂದಷ್ಟು ತಗೊಳ್ಳೋಣ ಅಂತ.