ಮೂರು ದಿನದ ಕಾನೂನು, ಹದಿನಾಲ್ಕು ತಿಂಗಳ ಅಪೀಲು

ನಮ್ಮ ದೊಡ್ಡಮ್ಮನಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿತ್ತು, ತಿಂಗಳಿಗೆ 1,200 ರೂಪಾಯಿ. ಒಂದು ತಿಂಗಳು ಇದ್ದಕ್ಕಿದ್ದಂತೆ ನಿಂತಿತು. ಆಧಾರ್‌ನಲ್ಲಿ ಹೆಸರಿನ ಕೊನೆಗೆ ‘ಅಮ್ಮ’ ಇದೆ, ಪಾಸ್‌ಬುಕ್ಕಿನಲ್ಲಿ ಇಲ್ಲ. ಅಷ್ಟೇ ವ್ಯತ್ಯಾಸ. ಅರ್ಜಿ ಕೊಟ್ಟೆವು, ಆಮೇಲೆ ಅಪೀಲು ಹಾಕಿದೆವು. ಹದಿನಾಲ್ಕು ತಿಂಗಳಾಯಿತು. ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ಜೆರಾಕ್ಸ್‌ಗಳನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಮೂರು ಹಿಂಬರಹ ಬಂದಿವೆ, ಮೂರರಲ್ಲೂ ‘ಪರಿಶೀಲನೆಯಲ್ಲಿದೆ’.

ಇದೇ ದೇಶದಲ್ಲಿ ಕಾನೂನು ಮಾಡಲು ಎಷ್ಟು ದಿನ ಬೇಕು ನೋಡಿ. 2025ರ ಡಿಸೆಂಬರ್ 16ರಂದು ಹಳ್ಳಿಯವರಿಗೆ ಕೂಲಿ ಕೆಲಸದ ಖಾತರಿ ಕೊಡುವ ನರೇಗಾ ಕಾಯ್ದೆ ಬದಲಿಗೆ ‘ವಿಬಿ ಜಿ ರಾಮ್ ಜಿ’ ಮಸೂದೆ ಲೋಕಸಭೆಗೆ ಬಂತು. 18ಕ್ಕೆ ಅಲ್ಲಿ ಪಾಸು, ಅದೇ ನಡುರಾತ್ರಿ ದಾಟಿದ ಮೇಲೆ ರಾಜ್ಯಸಭೆಯಲ್ಲೂ ಪಾಸು. 21ಕ್ಕೆ ರಾಷ್ಟ್ರಪತಿಗಳ ಅಂಕಿತ. ಪರಿಶೀಲನೆಗೆ ಸಂಸದರ ಸಮಿತಿಗೆ ಕಳಿಸಿ ಅಂತ ವಿರೋಧ ಪಕ್ಷದವರು ಕೇಳಿದರು, ಕಳಿಸಲಿಲ್ಲ.

ವರ್ಷಕ್ಕೆ 100 ದಿನ ಇದ್ದ ಕೆಲಸ 125 ದಿನ ಆಯಿತಲ್ಲ ಅನ್ನಬಹುದು. ಆಯಿತು, ಒಪ್ಪೋಣ. ಆದರೆ ಕೂಲಿ ಹಣದಲ್ಲೂ ನೂರಕ್ಕೆ 40 ಭಾಗ ರಾಜ್ಯ ಹಾಕಬೇಕೆಂದರೆ, ಬಡ ರಾಜ್ಯ ಎಲ್ಲಿಂದ ತರುತ್ತದೆ? ಬಿತ್ತನೆ, ಕೊಯ್ಲಿನ ಕಾಲದಲ್ಲಿ 60 ದಿನ ಕೆಲಸ ನಿಲ್ಲಿಸಿದರೆ, ತುಂಡು ಭೂಮಿಯೂ ಇಲ್ಲದ ಹೆಂಗಸು ಜಮೀನ್ದಾರ ಕೊಟ್ಟಷ್ಟಕ್ಕೇ ಕೈಯೊಡ್ಡಬೇಕಲ್ಲವೇ? ಇಂಥದ್ದನ್ನು ಕೂತು ಕೇಳುವುದಕ್ಕೇ ಸ್ಥಾಯಿ ಸಮಿತಿ ಇರೋದು. ನರೇಗಾ ಮಸೂದೆ ಬಂದಿದ್ದು 2004ರ ಡಿಸೆಂಬರಿನಲ್ಲಿ, ಪಾಸಾಗಿದ್ದು 2005ರ ಆಗಸ್ಟಿನಲ್ಲಿ. ಮಧ್ಯೆ ಸಮಿತಿಗೆ ಹೋಗಿತ್ತು. ಅಧ್ಯಕ್ಷರು ಯಾರು ಗೊತ್ತೇ? ಬಿಜೆಪಿಯ ಕಲ್ಯಾಣ್ ಸಿಂಗ್. ಬಡ ಕುಟುಂಬಗಳಿಗೆ ಮಾತ್ರ ಅಂತಿದ್ದ ಕರಡು, ಕೇಳಿದ ಎಲ್ಲ ಗ್ರಾಮೀಣ ಕುಟುಂಬಗಳಿಗೂ ಅಂತಾಗಿದ್ದು ಆ ಎಂಟು ತಿಂಗಳಲ್ಲಿ. 15ನೇ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗೆ ಹೋಗುತ್ತಿದ್ದವು. 17ನೆಯದರಲ್ಲಿ ಶೇ 16.

ಕಮೆಂಟಿಗೆ ಬಾವುಟ ಹಿಡಿದು ಬರುವವರು ಸ್ವಲ್ಪ ತಡೆಯಿರಿ, ನಮ್ಮ ವಿಧಾನಸೌಧವೇನೂ ಕಮ್ಮಿಯಿಲ್ಲ. 2025ರ ಮಾರ್ಚ್ 21ರಂದು ಹನಿಟ್ರ್ಯಾಪ್ ಗದ್ದಲ ಮುಗಿಲು ಮುಟ್ಟಿತ್ತು. ಆ ಗಲಾಟೆಯಲ್ಲೇ, ಚರ್ಚೆಯೇ ಇಲ್ಲದೆ, ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಹದಿನೆಂಟು ಜನ ಶಾಸಕರು ಅಮಾನತಾದರು, ಸಂಬಳದ ಮಸೂದೆಗೆ ಮಾತ್ರ ಯಾವ ತೊಂದರೆಯೂ ಆಗಲಿಲ್ಲ. ಅದರಲ್ಲಿ ಆಧಾರ್ ಹೆಸರು ಹೊಂದುತ್ತದೋ ಇಲ್ಲವೋ ಅಂತ ಯಾರೂ ನೋಡಲಿಲ್ಲ ಬಿಡಿ.

ನಮಗೆ ಸಕಾಲ ಕಾಯ್ದೆ ಇದೆ, 2011ರದ್ದು. ‘ಇಂದು ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ’ ಅಂತ ಬೋರ್ಡು. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ನಿಂತ ಪಿಂಚಣಿ ಮತ್ತೆ ಶುರು ಮಾಡಿಸೋದು ಅದಕ್ಕೆ ಬರಲ್ಲ ಅಂತ ಕೌಂಟರಿನವರು ಹೇಳಿ ಕಳಿಸಿದರು. ಮೇಲೆ ಅವಸರದಲ್ಲಿ ಹಾಕಿದ ಗಂಟನ್ನು ಕೆಳಗೆ ಬಿಚ್ಚಬೇಕಾದ ಗುಮಾಸ್ತನಿಗೆ ಅಧಿಕಾರವೂ ಇಲ್ಲ, ಸರ್ವರ್ರೂ ಇಲ್ಲ. ಅವನ ಮೇಲೆ ರೇಗಿ ಏನು ಮಾಡಲಿ?

ಟಿವಿಯಲ್ಲಿ ಆ ರಾತ್ರಿಯ ಸುದ್ದಿ ನೋಡಿದ ದೊಡ್ಡಮ್ಮ ಬೆಳಗ್ಗೆ ಫೋನ್ ಮಾಡಿದ್ದಳು.

‘ಅದೇನೋ ನಡುರಾತ್ರೀಲಿ ಪಾಸಾಯ್ತಂತಲ್ಲ ಮಗ, ಅದ್ರಲ್ಲಿ ನಮ್ದೂ ಆಯ್ತಾ?’

‘ಇಲ್ಲ ದೊಡ್ಡಮ್ಮ, ಅದು ಬೇರೆ. ಸೋಮವಾರ ಹೋಗೋಣ, ಕವರ್ ತಗೊಂಡು ಬಾ’ ಅಂದೆ.