ಸಾಗರದ ಗೆಳೆಯ ಸಿಗುವ ಕಾಲ

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿರುವ ಹಳೆಯ ಗೆಳೆಯನಿಗೆ ಫೋನ್ ಮಾಡಿ ಬರುತ್ತೇನೆಂದರೆ "ಬಾ ಮಾರಾಯ" ಅನ್ನುತ್ತಾನೆ. ಯಾವಾಗ ಬರಲಿ ಅಂದರೆ "ಯಾವಾಗಾದ್ರೂ ಬಾ, ನಾನೆಲ್ಲಿಗೆ ಹೋಗ್ತೀನಿ" ಅನ್ನುತ್ತಾನೆ. ಮೊದಲ ಮಾತು ನಿಜ, ಎರಡನೆಯದು ಮರ್ಯಾದೆಗೆ ಆಡಿದ್ದು. ಪೇಟೆಯಲ್ಲಿ ಅಂಗಡಿಯೋ ಮೇಷ್ಟ್ರ ಕೆಲಸವೋ ಇದ್ದವನಿಗೂ ಊರ ಹೊರಗೆ ಒಂದೆರಡು ಎಕರೆ ಅಡಿಕೆ ತೋಟ ಇರುವುದು ಇಲ್ಲಿ ಸಾಮಾನ್ಯ. ತೋಟ ಇದ್ದ ಮೇಲೆ ಅವನಿಗೆ ರಜೆ ಮಂಜೂರು ಮಾಡುವ ಸಾಹೇಬ ಮುಗಿಲು.

ಜುಲೈ ತಿಂಗಳನ್ನೇ ತೆಗೆದುಕೊಳ್ಳಿ. ಎಂಟು ದಿನ ಬಿಡದೆ ಹೊಯ್ದ ಮಳೆ ಒಂದು ಬೆಳಿಗ್ಗೆ ಹೊಳವಾಗುತ್ತದೆ, ಅಂದರೆ ನಿಂತು ಬಿಸಿಲು ಬೀಳುತ್ತದೆ. ಶಿವಮೊಗ್ಗದಲ್ಲಿ ಕೂತವರಿಗೆ, ಆಹಾ, ಸಾಗರಕ್ಕೆ ಹೋಗಿಬರಲು ಎಂಥ ಒಳ್ಳೆಯ ದಿನ ಅನ್ನಿಸುತ್ತದೆ. ಅದೇ ಕೆಟ್ಟ ದಿನ. ಆ ಹೊಳವಿಗಾಗಿ ಗೆಳೆಯ ವಾರದಿಂದ ಕಾದಿದ್ದಾನೆ. ಕೊಳೆ ರೋಗ ಬರದಂತೆ ಅಡಿಕೆ ಕೊನೆಗಳಿಗೆ, ಅಂದರೆ ಗೊನೆಗಳಿಗೆ, ಬೋರ್ಡೋ ದ್ರಾವಣ ಹೊಡೆಯಬೇಕು. ಮಳೆಗಾಲ ಹಿಡಿಯುವ ಮುಂಚೆ ಒಂದು ಸಲ, ಅದಾಗಿ 40-45 ದಿನಕ್ಕೆ ಇನ್ನೊಂದು ಸಲ. ಮೊದಲನೆಯದು ಹೇಗೋ ಆಗುತ್ತದೆ, ಎರಡನೆಯದು ಸರಿಯಾಗಿ ಮಳೆಯ ಹೊಟ್ಟೆಯೊಳಗೆ ಬಂದು ಬೀಳುತ್ತದೆ. ಹೊಡೆದ ಔಷಧಿ ಕಾಯಿಯ ಮೇಲೆ ಒಣಗಿ ಹಿಡಿಯುವಷ್ಟಾದರೂ ಬಿಸಿಲು ಬೇಕು, ಇಲ್ಲದಿದ್ದರೆ ದುಡ್ಡು ತೊಳೆದು ಹಳ್ಳಕ್ಕೆ ಹೋಗುತ್ತದೆ.

ಅಂಥ ದಿನ ಮನೆಗೆ ಹೋದರೆ ಗೆಳೆಯ ಅಂಗಳದಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್ಮುಗಳ ನಡುವೆ ನಿಂತಿರುತ್ತಾನೆ. ಒಂದರಲ್ಲಿ 50 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದರಲ್ಲಿ 50 ಲೀಟರ್ ನೀರಿಗೆ ಒಂದು ಕೆ.ಜಿ. ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕದಡಬೇಕು. ಕಬ್ಬಿಣದ ಪಾತ್ರೆ ಕೂಡದು, ತುತ್ತ ಅದನ್ನು ತಿಂದುಹಾಕುತ್ತದೆ. ಹದ ನೋಡುವುದು ಹೊಳೆಯುವ ಚಾಕುವಿನಿಂದ: ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತಿತೆಂದರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು. ಇಷ್ಟಾದ ಮೇಲೂ ಮಾಡಿದ್ದನ್ನು ನಾಳೆಗೆ ಇಡುವಂತಿಲ್ಲ, ಇವತ್ತೇ ಹೊಡೆದು ಮುಗಿಸಬೇಕು. ಮರ ಹತ್ತುವ ಕೊನೆಗೌಡ ಬಂದದ್ದೇ ಹೆಚ್ಚು, ಅವನನ್ನು ಇಡೀ ಸೀಮೆಯೇ ಕರೆಯುತ್ತಿರುತ್ತದೆ. ಇಷ್ಟರ ನಡುವೆ ನಗುತ್ತ ಬಂದು ನಿಂತ ನಿಮ್ಮನ್ನು ಗೆಳೆಯ ನೋಡುವ ನೋಟದಲ್ಲಿ ಸ್ನೇಹ ಇರುತ್ತದೆ. ಸಮಯ ಇರುವುದಿಲ್ಲ. ಕೊನೆಗಳಿಗೆ ಮಳೆ ತಾಗದಂತೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸಿದವನು ಸ್ವಲ್ಪ ನಿರಾಳ, ಆದರೆ ಕೊಟ್ಟೆ ಕಟ್ಟಲೂ ಅದೇ ಕೊನೆಗೌಡನೇ ಬರಬೇಕಿತ್ತಲ್ಲ.

ಆದ್ದರಿಂದ ಮಳೆಗಾಲದಲ್ಲಿ ಹೋಗುವವರು ಮಳೆ ಜಡಿದು ಹೊಯ್ಯುವ ದಿನವೇ ಹೋಗಬೇಕು. ಶಿವಮೊಗ್ಗದಿಂದ ಆಯನೂರು, ಕುಂಸಿ, ಆನಂದಪುರದ ಮೇಲೆ ಸುಮಾರು 70 ಕಿ.ಮೀ. ಬೆಂಗಳೂರಿನವರಿಗೆ ರಾತ್ರಿ ರೈಲಿದೆ, ಇಳಿಯುವ ನಿಲ್ದಾಣದ ಹೆಸರು ಸಾಗರ ಜಂಬಗಾರು. ಬೆಳಗಿನ ಚಳಿಗೆ ಹೊದ್ದು ಮಲಗಿಬಿಟ್ಟರೆ ತಾಳಗುಪ್ಪಕ್ಕೆ ಹೋಗಿ ಎಚ್ಚರಾಗುತ್ತದೆ. ಗಾಬರಿ ಬೇಡ, ಹಳಿಯೇ ಅಲ್ಲಿಗೆ ಮುಗಿಯುವುದರಿಂದ ರೈಲು ಅದಕ್ಕಿಂತ ದೂರ ಒಯ್ಯಲಾರದು. ಬಟ್ಟೆ ಎರಡು ಜೊತೆ ಹೆಚ್ಚಿಗೆ ಇರಲಿ. ಒಗೆದದ್ದು ಮೂರು ದಿನಕ್ಕೂ ಒಣಗುವುದಿಲ್ಲ, ಬಚ್ಚಲೊಲೆಯ ಮೇಲೆ ಹರವಿದರೆ ಒಣಗುತ್ತದೆ, ಆದರೆ ಮುಂದಿನ ಎರಡು ಒಗೆತದವರೆಗೆ ಹೊಗೆಯ ವಾಸನೆ ಹೊತ್ತು ತಿರುಗಬೇಕಾಗುತ್ತದೆ. ಕೈಯಲ್ಲಿ ಚಕ್ಕುಲಿ, ಖಾರಾಸೇವೆ ಒಯ್ಯಬಾರದು, ಡಬ್ಬಿ ತೆರೆದ ಮಾರನೇ ದಿನಕ್ಕೆ ಮೆತ್ತಗಾಗುತ್ತವೆ. ದ್ರಾಕ್ಷಿ, ದಾಳಿಂಬೆಯಂಥ ಬಯಲುಸೀಮೆಯ ಹಣ್ಣು ಒಯ್ದರೆ ಮನೆಯವರಿಗೆ ಖುಷಿ. ತೋಟ ನೋಡುವ ಚಪಲವಿದ್ದರೆ ಉಂಬಳದ, ಅಂದರೆ ರಕ್ತ ಹೀರುವ ಜಿಗಣೆಯ, ಬಗ್ಗೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಕಚ್ಚಿದ್ದನ್ನು ಎಳೆದು ಕೀಳಬಾರದು, ಉಪ್ಪೋ ಸುಣ್ಣವೋ ತಾಗಿಸಿದರೆ ತಾನೇ ಉದುರುತ್ತದೆ. ರಕ್ತ ಮಾತ್ರ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ. ಗೆಳೆಯನಿಗೆ ಅದೊಂದು ವಿಷಯವೇ ಅಲ್ಲ.

ಹೋದ ಕೂಡಲೇ ಕಾಲಿಗೆ ನೀರು, ಕುಡಿಯಲು ನೀರಿನ ಜೊತೆ ಬೆಲ್ಲ, ಆಮೇಲೆ ಎಲೆಯಡಿಕೆ ತಟ್ಟೆ. ಈ ತಟ್ಟೆಯ ವಿಷಯದಲ್ಲಿ ಹೊಸಬರು ಹುಷಾರಾಗಿರಬೇಕು. ಕವಳ ಹಾಕಿ ಅಭ್ಯಾಸವಿಲ್ಲದವರಿಗೆ, ಅದರಲ್ಲೂ ಹಸಿ ಅಡಿಕೆಯಾದರೆ, ಎರಡೇ ನಿಮಿಷಕ್ಕೆ ಸೊಕ್ಕುತ್ತದೆ: ಕಿವಿ ಬಿಸಿ, ಹಣೆಯಲ್ಲಿ ಬೆವರು, ಜಗಲಿ ನಿಧಾನಕ್ಕೆ ತಿರುಗಲು ಶುರು. ಉಗುಳಿ ಒಂದು ಲೋಟ ಮಜ್ಜಿಗೆ ಕುಡಿದು ಸುಮ್ಮನೆ ಕೂತರೆ ಇಳಿಯುತ್ತದೆ. ಸುಣ್ಣ ಹೆಚ್ಚಾದರೆ ನಾಲಿಗೆ ಸುಲಿಯುತ್ತದೆ, ಅದಕ್ಕೆ ಮಾತ್ರ ಕಾಲವೇ ಔಷಧಿ. ಗೆಳೆಯನ ಬಾಯಲ್ಲಿ ಕವಳ ಇರುವಷ್ಟು ಹೊತ್ತು ಯಾವ ಪ್ರಶ್ನೆಗೂ ಗದ್ದ ಮೇಲೆತ್ತಿ "ಉಂ" ಅನ್ನುವುದೊಂದೇ ಉತ್ತರ. ಹತ್ತು ವರ್ಷದ ಸುದ್ದಿಯನ್ನು ನೀವೇ ಹೇಳಿಕೊಳ್ಳಬೇಕು. ಅವನು ಉಗುಳಿ ಬಂದ ಮೇಲೆ ಅವನ ಸರದಿ.

ದೀಪಾವಳಿ ಕಳೆದು ಕೊಯ್ಲು ಹಿಡಿಯಿತೆಂದರೆ ಲೆಕ್ಕ ಪೂರ್ತಿ ತಿರುಗುಮುರುಗು. ಈಗ ಮೋಡ ಕಂಡರೆ ಹೋಗಬಾರದು. ಬೇಯಿಸಿದ ಅಡಿಕೆ ಅಂಗಳದ ತುಂಬ ಹರವಿರುತ್ತದೆ, ಅದಕ್ಕೆ ಆರೇಳು ಒಳ್ಳೆಯ ಬಿಸಿಲು ಬೇಕು. ನಡುವೆ ನಾಲ್ಕು ಹನಿ ಬಿದ್ದರೂ ಬೂಸ್ಟು ಹಿಡಿದು, ಬಣ್ಣ ಕೆಟ್ಟು ದರ ಇಳಿಯುತ್ತದೆ. ಮೋಡ ಮುಸುಕಿದ ಸಂಜೆ ನೆಂಟನಾಗಿ ಹೋದವನ ಕೈಗೂ ಟಾರ್ಪಾಲಿನ ಒಂದು ತುದಿ ಬರುತ್ತದೆ. ಬಿಸಿಲಿರುವ ದಿನ ಮಧ್ಯಾಹ್ನ ದಾಟಿಸಿ ಹೋಗಿ, ರಾತ್ರಿ ಉಳಿಯಿರಿ. ಹಗಲು ಕೊಯ್ದ ಕೊನೆಗಳನ್ನು ರಾತ್ರಿ ಸುಲಿಯುತ್ತಾರೆ. ಮೆಟ್ಟುಗತ್ತಿಯ ಮುಂದೆ ಕೂತ ಗೆಳೆಯನ ಕೈ ತಾನಾಗಿ ಓಡುತ್ತಿರುತ್ತದೆ, ಬಾಯಿ ಬಿಡುವಾಗಿರುತ್ತದೆ. ಹಳೆಯ ಗೆಳೆಯರ ಮಾತಿಗೆ ಇದಕ್ಕಿಂತ ಒಳ್ಳೆಯ ಜಾಗ ಸಾಗರ ಸೀಮೆಯಲ್ಲಿಲ್ಲ. ನೀವೂ ಒಂದು ಕತ್ತಿ ಹಿಡಿಯುವುದಾದರೆ ಮೊದಲು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಕಾಯಿಯ ಕರೆ ಹತ್ತಿದರೆ ವಾರವಾದರೂ ಬಿಡುವುದಿಲ್ಲ. ನೀವು ಸುಲಿದ ಅಡಿಕೆಯಲ್ಲಿ ಗಾಯವಾದವೇ ಹೆಚ್ಚಿರುತ್ತವೆ, ಗೆಳೆಯ ಅವನ್ನು ಮಾತಾಡದೆ ಬೇರೆ ಬುಟ್ಟಿಗೆ ಹಾಕುತ್ತಾನೆ. ಸುಲಿಯುವ ಯಂತ್ರ ತಂದವನ ಮನೆಯಾದರೆ ಈ ಸುಖವಿಲ್ಲ. ಅದರ ಗಲಾಟೆಯಲ್ಲಿ ಸ್ನೇಹಿತರು ಸನ್ನೆಯಲ್ಲಿ ಮಾತಾಡಬೇಕು.

ಸಂಕ್ರಾಂತಿ ಕಳೆದ ಮೇಲೆ ತುಸು ಬಿಡುವು. ಆದರೆ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದೆ, ಆಗ ಗೆಳೆಯನ ಮನೆಯಲ್ಲಿ ಚಾಪೆ ಹಾಸುವಷ್ಟು ಜಾಗವೂ ಉಳಿದಿರುವುದಿಲ್ಲ. ಉಳಿದ ವರ್ಷ ಬೇಸಿಗೆಗೆ ಹೋದರೆ ಸುತ್ತಾಟವಾಗುತ್ತದೆ. ಇಕ್ಕೇರಿ, ಕೆಳದಿ ಎರಡೂ ಪಕ್ಕದಲ್ಲೇ, ಅಘೋರೇಶ್ವರನ ಗುಡಿಯ ಕಲ್ಲು ಆ ಬಿಸಿಲಲ್ಲೂ ತಣ್ಣಗಿರುತ್ತದೆ. ಜೋಗ ತೋರಿಸು ಎಂದು ಮಾತ್ರ ಬೇಸಿಗೆಯಲ್ಲಿ ಪೀಡಿಸಬೇಡಿ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ನೀರು ಹಿಡಿದಿದೆ, 253 ಮೀಟರಿನ ಬಂಡೆ ಒಣಗಿ ನಿಂತಿರುತ್ತದೆ, ಅದನ್ನು ಬಂದವರಿಗೆಲ್ಲ ತೋರಿಸಿ ತೋರಿಸಿ ಗೆಳೆಯನಿಗೆ ಸಾಕಾಗಿದೆ. ಸಿಗಂದೂರು ದೇವಿಯ ಗುಡಿಗಾದರೆ ಬರುತ್ತಾನೆ. 2025ರ ಜುಲೈವರೆಗೆ ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟಬೇಕಿತ್ತು, ಸರದಿಯಲ್ಲಿ ಕಾರು ನಿಲ್ಲಿಸಿ ಕಾಯುವ ಹೊತ್ತಿನಲ್ಲಿ ಕಾಲೇಜಿನ ಕಥೆಗಳೆಲ್ಲ ಒಂದು ಸುತ್ತು ಬರುತ್ತಿದ್ದವು. ಈಗ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಗಿದೆ. ಎರಡು ಕಿ.ಮೀ.ಗೆ ಮಿಕ್ಕಿದ ನೀರನ್ನು ನಾಲ್ಕೈದು ನಿಮಿಷಕ್ಕೆ ದಾಟಬಹುದು. ದ್ವೀಪದಂತಿದ್ದ ಊರುಗಳ ಬಸುರಿಯರಿಗೆ, ಕಾಯಿಲೆಯವರಿಗೆ ಅದು ಎಷ್ಟು ದೊಡ್ಡ ಉಪಕಾರ ಎಂದು ಗೊತ್ತಿದ್ದವರು ಹರಟೆ ಕಡಿಮೆಯಾಯಿತೆಂದು ದೂರುವಂತಿಲ್ಲ. ಆದರೂ ಕಡಿಮೆಯಾಗಿದೆ.

ಹೊರಡುವುದು ಒಂದೇ ಏಟಿಗೆ ಆಗುವ ಕೆಲಸವಲ್ಲ. ಬಸ್ಸಿಗೆ ಒಂದು ಗಂಟೆ ಇರುವಾಗಲೇ "ಬರ್ತೀನಿ" ಅನ್ನಬೇಕು. ಜಗಲಿಯಲ್ಲಿ ಕಾಲು ಗಂಟೆ, ಅಂಗಳದಲ್ಲಿ ಕಾಲು ಗಂಟೆ, ಬೇಲಿಬಾಗಿಲಾದ ದಣಪೆಯ ಹತ್ತಿರ ಉಳಿದದ್ದು. ಪ್ರತಿ ನಿಲುಗಡೆಯಲ್ಲೂ ಒಳಗಿನಿಂದ ಏನೋ ಒಂದು ಬರುತ್ತದೆ: ಹಲಸಿನ ಹಪ್ಪಳ, ಒಂದು ಬಾಳೆಗೊನೆಯ ಅರ್ಧ, ಕೊನೆಗೆ ಎಳೆ ಮಾವಿನ ಅಪ್ಪೆಮಿಡಿ ಉಪ್ಪಿನಕಾಯಿ. ಇದನ್ನು ಬೇಡ ಅನ್ನುವವನು ಮೂರ್ಖ. ಹೊಳೆಬದಿಯ ಮರದಿಂದ ತೊಟ್ಟು ಸಮೇತ, ನೆಲಕ್ಕೆ ಬೀಳದಂತೆ ಕೊಯ್ದು, ಸುಕ್ಕುವವರೆಗೆ ಉಪ್ಪಿನಲ್ಲಿಟ್ಟು ಆಮೇಲೆ ಖಾರ ಅರೆದು ಹಾಕಿದ ಮಿಡಿ ಅದು. ಪೆಟ್ಟು ಬಿದ್ದ ಒಂದೇ ಒಂದು ಮಿಡಿ ಸೇರಿದ್ದರೂ ಜಾಡಿಯೇ ಹಾಳಾಗುತ್ತಿತ್ತು. ತಗಡಿನ ಮುಚ್ಚಳದ ಬಾಟಲಿಯಾದರೆ ಉಪ್ಪಿಗೆ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಮುಚ್ಚಳದ್ದೇ ಕೇಳಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಮಡಿಸಿಟ್ಟು ತಿರುಗಿಸಿ, ನೆಟ್ಟಗೆ ನಿಲ್ಲಿಸಿ, ಕಾಲ ಸಂದಿಯಲ್ಲೇ ಇಟ್ಟುಕೊಳ್ಳಬೇಕು. ಬಟ್ಟೆಯ ಚೀಲಕ್ಕೆ ಹಾಕಿದರೆ ಆನಂದಪುರ ಬರುವಷ್ಟರಲ್ಲಿ ಬಿಳಿ ಅಂಗಿಗಳೆಲ್ಲ ಕೆಂಪು.

ಬಸ್ ಸ್ಟ್ಯಾಂಡಿನವರೆಗೆ ಗೆಳೆಯ ಬಂದೇ ಬರುತ್ತಾನೆ. ಕಿಟಕಿಯ ಸರಳು ಹಿಡಿದು ಒಂದಿಷ್ಟು ಹೊತ್ತು ಸುಮ್ಮನೆ ನಿಂತು, ಇನ್ನೊಂದೆರಡು ದಿನ ಇದ್ದು ಹೋಗಬಹುದಿತ್ತು ಅನ್ನುತ್ತಾನೆ. ಅಷ್ಟರಲ್ಲಿ ಬಸ್ಸಿನ ಮಾಡಿನ ಮೇಲೆ ಹನಿಯ ಸದ್ದು ನಿಲ್ಲುತ್ತದೆ. ಅವನು ಸರಳು ಬಿಟ್ಟು ಪಡುವಣದ ಕಡೆ ಕತ್ತೆತ್ತಿ ನೋಡುತ್ತಾನೆ. "ಹೊಳವಾಯ್ತು ಮಾರಾಯ. ಕೊನೆಗೌಡ ಸಿಕ್ತಾನಾ ನೋಡ್ತೀನಿ."