ಗಿಡ ಎಣಿಸಬೇಡಿ, ಕೆಳಗೆ ಹುಲ್ಲು ಇದೆಯಾ ನೋಡಿ

ಹೋದ ವಾರ ನಮ್ಮ ಬಳ್ಳಾರಿ ಜಿಲ್ಲೆಯ ಸಂಡೂರಿನ ಹತ್ತಿರ ಒಂದು ಗಣಿ ಡಂಪ್ ಹತ್ತಿದ್ದೆ. ಅದಿರು ತೆಗೆಯುವಾಗ ಬರುವ ಬೇಡದ ಮಣ್ಣು, ಕಲ್ಲು ಎಲ್ಲ ಸುರಿದು ಸುರಿದು ಆದ ಗುಡ್ಡ ಅದು. ರಸ್ತೆಯಿಂದ ನೋಡಿದರೆ ಹಸಿರಾಗಿಯೇ ಕಾಣುತ್ತದೆ. ಜೊತೆಗೆ ದೊಡ್ಡಪ್ಪ ಬಂದಿದ್ದರು. ಆ ಸೀಮೆಯಲ್ಲೇ ಕುರಿ ಕಾಯ್ದು ಬದುಕಿದವರು. ನಾನು ಗಿಡಗಳ ಫೋಟೊ ತೆಗೆಯುತ್ತಿದ್ದೆ, ಅವರು ಕುಕ್ಕರುಗಾಲಲ್ಲಿ ಕೂತು ನೆಲ ಕೆದರಿದರು.

"ಗಿಡ ಏನ್ ನೋಡ್ತಿ ತಮ್ಮಾ, ಕೆಳಗ ಒಂದ್ ಗರಿಕಿ ಐತೇನು ನೋಡು. ಕುರಿ ಇಲ್ಲಿ ಏನ್ ತಿನ್ಬೇಕು?"

ಒಂದು ಎಳೆ ಹುಲ್ಲೂ ಇರಲಿಲ್ಲ. ಗುಂಡಿಯೊಳಗೆ ಎಲ್ಲಿಂದಲೋ ತಂದು ಹಾಕಿದ ಒಂದೆರಡು ಬೊಗಸೆ ಮಣ್ಣು, ಆಚೆ ಬರೀ ಕೆಂಪು ಪುಡಿ, ಚಕ್ಕೆ ಕಲ್ಲು. ಒಣಗಿದ ಒಂದು ಸಸಿ ಎಳೆದೆ, ಸಲೀಸಾಗಿ ಕೈಗೆ ಬಂತು. ಬೇರಿನ ಸುತ್ತ ನರ್ಸರಿಯ ಪ್ಲಾಸ್ಟಿಕ್ ಚೀಲ ಹಾಗೇ ಇತ್ತು. ಚೀಲ ಕೂಡ ಬಿಚ್ಚದೆ ನೆಟ್ಟಿದ್ದಾರೆ. ನೆಟ್ಟ ಗಿಡಗಳ ಲೆಕ್ಕದಲ್ಲಿ ಇದೂ ಸೇರಿರುತ್ತದಲ್ಲ ಅಂತ ನೆನೆದು ತುಂಬಾ ಸಂಕಟವಾಯಿತು.

ಗಣಿ ಭೂಮಿಯನ್ನು ಸರಿ ಮಾಡುವ ಕೆಲಸ ಗಿಡದಿಂದ ಶುರುವಾಗುವುದಲ್ಲ, ಮಣ್ಣಿನಿಂದ. ಅಗೆಯುವ ಮೊದಲು ಮೇಲಿನ ಫಲವತ್ತಾದ ಮಣ್ಣನ್ನು ತೆಗೆದು ಬೇರೆ ಇಡಬೇಕು. ಇದು ಗಣಿ ನಿಯಮದಲ್ಲೇ ಇದೆ. ಆ ಮಣ್ಣಿನಲ್ಲಿ ಕಾಡಿನ ಬೀಜ ಇರುತ್ತೆ, ಕಣ್ಣಿಗೆ ಕಾಣದ ಜೀವ ಇರುತ್ತೆ. ಎತ್ತರಕ್ಕೆ ಗುಡ್ಡೆ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗೇ ಸಾಯುತ್ತೆ, ಅದಕ್ಕೇ ಬೇಗ ಬಳಸಬೇಕು. ಡಂಪ್‌ನ ಇಳಿಜಾರು ತಗ್ಗಿಸಿ, ಮೆಟ್ಟಿಲು ಮೆಟ್ಟಿಲು ಮಾಡಿ, ಬುಡಕ್ಕೆ ಕಲ್ಲಿನ ಗೋಡೆ ಕಟ್ಟಿ, ಸುತ್ತ ಕಾಲುವೆ ತೆಗೆದು, ಅದರ ನೀರು ಒಂದು ಹೊಂಡದಲ್ಲಿ ತಂಗಿ ತಿಳಿಯಾಗಿ ಮುಂದೆ ಹೋಗುವ ಹಾಗೆ ಮಾಡಬೇಕು. ಆಮೇಲೆ ಮೇಲ್ಮಣ್ಣು ಹರಡಿ, ತೆಂಗಿನ ನಾರಿನ ಚಾಪೆ ಹಾಸಿ, ಮೊದಲು ಹುಲ್ಲು. ಮರ ಆಮೇಲೆ ಬರಲಿ.

ಹುಲ್ಲಿನ ಮಾತು ನನ್ನದಷ್ಟೇ ಅಲ್ಲ. ಗಣಿಗಾರಿಕೆ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ದನಕರುಗಳಿಗೆ ಮೇವಾಗುವ ಹಾಗಿರಬೇಕು ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ದೊಡ್ಡಪ್ಪ ಕೇಳಿದ್ದೂ ಅದನ್ನೇ.

ನಮ್ಮ ಜಿಲ್ಲೆ ಇಂಥ ಕಟ್ಟುಪಾಡುಗಳನ್ನು ಕಷ್ಟಪಟ್ಟು ಪಡೆದದ್ದು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. 2013ರ ತೀರ್ಪಿನಲ್ಲಿ ತೀರಾ ಅಕ್ರಮ ಮಾಡಿದ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರು ತಮ್ಮ ತಮ್ಮ ಗಣಿಯ ಪುನಶ್ಚೇತನ ಯೋಜನೆ, ಅಂದರೆ ಹಾಳಾದ ನೆಲ ಸರಿಪಡಿಸುವ ಯೋಜನೆ ಒಪ್ಪಿ, ಜಾರಿ ಮಾಡಬೇಕಾಯಿತು. ಈ ಕಟ್ಟುಪಾಡಿನಿಂದ ಸುಧಾರಣೆ ಆಗೇ ಇಲ್ಲ ಅಂತ ನಾನು ಹೇಳಲ್ಲ, ಅದಕ್ಕೆ ಮುಂಚಿನ ಧೂಳು ನೆನೆಸಿಕೊಂಡರೆ ಈಗಲೂ ಗಂಟಲು ಕಟ್ಟುತ್ತದೆ. ಆದರೆ 2022ರಲ್ಲಿ ಬಳ್ಳಾರಿಯಲ್ಲಿ ತೆಗೆಯಬಹುದಾದ ಅದಿರಿನ ಮಿತಿ ವರ್ಷಕ್ಕೆ 28ರಿಂದ 35 ದಶಲಕ್ಷ ಟನ್‌ಗೆ ಏರಿತು. ಅದಿರು ಜಾಸ್ತಿ ತೆಗೆದರೆ ಡಂಪೂ ಜಾಸ್ತಿ, ಅಷ್ಟೇ.

ದುಡ್ಡಿಲ್ಲ ಅನ್ನುವ ಹಾಗೂ ಇಲ್ಲ. ಅದಿರು ಹರಾಜಿನಿಂದ ಸೇರಿದ ಸಾವಿರಾರು ಕೋಟಿ ಇದೆ, ಖರ್ಚು ಮಾಡಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಇದೆ. ರಸ್ತೆ, ಆಸ್ಪತ್ರೆ, ಶಾಲೆ, ಕುಡಿಯುವ ನೀರು, ಎಲ್ಲ ಬೇಕು. ಗಣಿ ಹಳ್ಳಿಗಳು ಅದಕ್ಕೆ ಹಕ್ಕುದಾರರು. ಆದರೂ ನನ್ನ ಮಾತು ಇಷ್ಟೇ, ಆ ದುಡ್ಡು ಬಂದಿರೋದು ಗುಡ್ಡ ಕಡಿದು. ಮೊದಲ ಪಾಲು ಗುಡ್ಡಕ್ಕೆ, ಹಳ್ಳಕ್ಕೆ ಹೋಗಬೇಕು.

ಹಳ್ಳ ಯಾಕೆ ಅಂದ್ರೆ, ಗುಡ್ಡದ ಮೇಲೆ ನಿಲ್ಲದ ಮಣ್ಣು ಕೆಳಗೇ ಬರುತ್ತೆ. ಮುಂಗಾರಿನ ಮೊದಲ ಜೋರು ಮಳೆಯ ಮಾರನೇ ದಿನ ನಮ್ಮ ಕಡೆ ಹಳ್ಳಗಳಲ್ಲಿ ಕುಂಕುಮ ಕಲಸಿದ ಹಾಗೆ ನೀರು ಬರುತ್ತೆ. ಅದೆಲ್ಲ ನಾರಿಹಳ್ಳಕ್ಕೆ, ತಾರಾನಗರದ ಡ್ಯಾಮಿಗೆ, ಹೊಲಗಳಿಗೆ. ಹೊಲದ ಮೇಲೆ ಒಮ್ಮೆ ಆ ಕೆಂಪು ಕೆಸರು ಕೂತು ಒಣಗಿದರೆ ಗಾರೆ ಹಾಕಿದ ಹಾಗೆ ಗಟ್ಟಿ.

ಹೊಸ ಗಣಿಗೋ, ಇರುವ ಗಣಿ ವಿಸ್ತರಣೆಗೋ ನಿಮ್ಮೂರಲ್ಲಿ ಸಾರ್ವಜನಿಕ ಅಹವಾಲು ಸಭೆ ಆದರೆ ದಯವಿಟ್ಟು ಹೋಗಿ. ಎಷ್ಟು ಸಸಿ ನೆಡ್ತೀರಿ ಅಂತ ಕೇಳಬೇಡಿ. ಮೇಲ್ಮಣ್ಣು ಎಲ್ಲಿ ಇಡ್ತೀರಿ, ಯಾವಾಗ ವಾಪಸ್ ಹರಡ್ತೀರಿ, ಈಗಿನ ಗಣಿಯದ್ದು ಎಲ್ಲಿದೆ ತೋರಿಸಿ ಅಂತ ಕೇಳಿ. ಉತ್ತರ ಬರೆಸಿಕೊಳ್ಳದೆ ಏಳಬೇಡಿ. ಸಂಡೂರಿನ ಕಡೆ ಆದರೆ ನನಗೂ ಹೇಳಿ, ದೊಡ್ಡಪ್ಪನನ್ನೂ ಕರೆದುಕೊಂಡು ಬರುತ್ತೇನೆ.